ಕೈನೀರು ಬರೆಯದ ಪುಸ್ತಕ

ಮೋಟಾರು ಸುಟ್ಟ ವಾಸನೆ ಬೇರೆ ಯಾವ ವಾಸನೆಯನ್ನೂ ಹೋಲುವುದಿಲ್ಲ. ಕೂದಲು ಸುಟ್ಟಂತಿರುತ್ತದೆ, ಅದರ ಬೆನ್ನಿಗೇ ಅರಗು ಕರಗಿದಂಥ ಒಂದು ಸಿಹಿ ಬರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಅನ್ನ ಉಣ್ಣುವಾಗಲೂ ಬಿಡುವುದಿಲ್ಲ. ಶಿರಾಳಕೊಪ್ಪದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿರುವ ವೈಂಡಿಂಗ್ ಅಂಗಡಿಗೆ ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ. ನಾನು ನಮ್ಮೂರಿನ ನೀರಗಂಟಿ. ಕೆರೆ ಪಕ್ಕದ ಬಾವಿಯ ಮೋಟಾರು ಹಾಕುವುದು, ಆರಿಸುವುದು, ಓವರ್‌ಹೆಡ್ ಟ್ಯಾಂಕ್ ತುಂಬಿಸುವುದು, ಓಣಿ ಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ನನ್ನ ಕೆಲಸ. ಮೋಟಾರು ಸುಟ್ಟರೆ ಹೊತ್ತುಕೊಂಡು ಬರುವವನೂ ನಾನೇ.

ಈ ಸಲ ಸುಗ್ಗಿ ಮುಗಿದ ಮೇಲೆ ಹೋದಾಗ ಅಂಗಡಿಯ ರಫೀಕ್ ಸಾಬರು ಮೋಟಾರಿನ ಹೊಟ್ಟೆ ಬಿಚ್ಚಿ, ಕರಿಕಾದ ತಾಮ್ರದ ತಂತಿ ಕಿತ್ತು ನನ್ನ ಕಾಲ ಬುಡಕ್ಕೆ ಎಸೆದರು.

"ಎಷ್ಟನೇ ಸಲ ಇದು ಮಂಜಪ್ಪ? ಇದರೊಳಗೆ ಕಂಪನಿಯವರು ಹಾಕಿದ್ದು ಏನೂ ಉಳಿದಿಲ್ಲ, ಎಲ್ಲಾ ನಾನು ಸುತ್ತಿದ್ದೇ. ಇದು ನೀರು ಎತ್ತೋದು ಕಡಿಮೆ, ಕರೆಂಟ್ ಕುಡಿಯೋದು ಜಾಸ್ತಿ. ಆವಾಗ ನಿಮ್ಮ ತಂಗಿ ಒಂದು ಸಣ್ಣ ಮೋಟಾರು ಹಾಕಿಸಿದ್ಲಲ್ಲ, ಚಿನ್ನದಂಥದ್ದು ಅದು. ಯಾಕೆ ಕಿತ್ತು ಹಾಕಿದ್ರಿ ಮಾರಾಯ?"

ಅವರು ಸುಮ್ಮನೆ ಮಾತಿಗೆ ಕೇಳಿದ್ದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ನಾಳೆ ಬಾ, ಸುತ್ತಿ ಇಟ್ಟಿರ್ತೀನಿ" ಅಂದರು. ಹೊರಗೆ ಬಂದವನು ಊರಿನ ಬಸ್ಸು ಬಿಟ್ಟು ಸೊರಬದ ಬಸ್ಸು ಹತ್ತಿದೆ. ಸೊರಬದಲ್ಲಿ ನನ್ನ ತಂಗಿ ಗಿರಿಜಾ ಇದ್ದಾಳೆ. ಅವಳಿಗೆ ಹೇಳಬೇಕಾದ ಒಂದು ಮಾತನ್ನು ನಾಲ್ಕು ವರ್ಷದಿಂದ ನುಂಗಿಕೊಂಡು ತಿರುಗುತ್ತಿದ್ದೆ. ಕಿಟಕಿ ಪಕ್ಕ ಕೂತು ಆ ವರ್ಷವನ್ನು ಮೊದಲಿಂದ ನೆನೆದುಕೊಂಡೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ನಾನು ಓದಿದ್ದು ಏಳನೇ ಕ್ಲಾಸು. ತಂಗಿಯನ್ನು ಓದಿಸಲಿಕ್ಕೆ ಅಣ್ಣ ಶಾಲೆ ಬಿಟ್ಟು ಕುರಿ ಹಿಂದೆ ಹೋದ ಅಂತ ಊರಲ್ಲಿ ಹೇಳುತ್ತಾರೆ. ಅದು ಸುಳ್ಳು. ನಾನು ಲೆಕ್ಕಕ್ಕೆ ಹೆದರಿ ಬಿಟ್ಟೆ. ಆದರೆ ಜನ ಹಾಗೆ ಹೇಳುವಾಗ ಅಲ್ಲ ಅನ್ನಲಿಲ್ಲ. ಗಿರಿಜಾ ಕೂಡ ಅದನ್ನೇ ನಂಬಿಕೊಂಡು ಬೆಳೆದಳು. ನನ್ನ ಮಾತನ್ನು ಅವಳು ಯಾವತ್ತೂ ಎರಡನೇ ಸಲ ಕೇಳಿ ನೋಡಿದವಳಲ್ಲ.

ಆ ವರ್ಷ ಮಳೆ ತಡವಾಗಿ ಬಿಟ್ಟಿತ್ತು. ದಸರೆಯ ಹೊತ್ತಿಗೂ ಕೆರೆ ಕೋಡಿ ಹರಿಯುತ್ತಿತ್ತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಗಿರಿಜಾಳ ಜೀಪು ಅದರ ಅಂಚಿನಲ್ಲೇ ನಿಧಾನಕ್ಕೆ ಬಂದು ಪಂಪ್‌ಹೌಸ್ ಮುಂದೆ ನಿಂತಿತು. ಡಿಪ್ಲೊಮಾ ಮುಗಿಸಿ ಅವಳು ಕರೆಂಟ್ ಉಳಿತಾಯದ ಕೆಲಸ ಮಾಡುವ ಒಂದು ಸಂಸ್ಥೆ ಸೇರಿದ್ದಳು. ರೈಸ್‌ಮಿಲ್ಲು, ಆಸ್ಪತ್ರೆ, ನೀರಿನ ಪಂಪು, ಎಲ್ಲಿ ಕರೆಂಟು ಸುಮ್ಮನೆ ಸೋರಿ ಹೋಗುತ್ತದೋ ಅಲ್ಲಿ ಅಳೆದು ನೋಡಿ, ಅದೇ ಕೆಲಸವನ್ನು ಕಡಿಮೆಯಲ್ಲಿ ಹೇಗೆ ಮಾಡಬಹುದು ಅಂತ ಹೇಳುವುದು ಅವರ ಕಸುಬು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಕುಡಿಯುವ ನೀರಿನ ಪಂಪುಗಳ ಕೆಲಸಕ್ಕೆ ಆಗಷ್ಟೇ ಅವಳನ್ನು ಮುಖ್ಯಸ್ಥೆ ಮಾಡಿದ್ದರು. ಮೊದಲನೇ ಊರು ಅಂತ ಅವಳು ನಮ್ಮೂರನ್ನೇ ಆರಿಸಿಕೊಂಡಿದ್ದಳು. ಇಲ್ಲಿ ಸರಿಹೋದರೆ ಉಳಿದ ಊರುಗಳಿಗೂ ಅದೇ ಥರ ಮೋಟಾರು ಬರುವುದಿತ್ತು.

ಜೊತೆಗೆ ಮೂರ್ತಿ ಸರ್ ಅಂತ ಒಬ್ಬರು ಬಂದಿದ್ದರು. ಅವಳಿಗೆ ಈ ಕೆಲಸ ಕಲಿಸಿದವರು. ತಲೆಯೆಲ್ಲ ಬೆಳ್ಳಗಾದ ಮನುಷ್ಯ, ಆಯಸ್ಸನ್ನೆಲ್ಲ ಮೋಟಾರು ಅಳೆಯುವುದರಲ್ಲೇ ಕಳೆದವರು. ಯಂತ್ರ ಹೊರಗೆ ತೆಗೆಯುವ ಮೊದಲು, ದನದ ಡಾಕ್ಟರು ಎಮ್ಮೆ ಹೊಟ್ಟೆ ಮುಟ್ಟಿ ನೋಡಿದ ಹಾಗೆ, ನಮ್ಮ ಮೋಟಾರಿನ ಮೇಲೆ ಅಂಗೈ ಇಟ್ಟರು.

"ಇದಕ್ಕೆ ಜ್ವರ ಇದೆಯಲ್ಲಪ್ಪ. ಕರೆಂಟಿನ ಅರ್ಧ ನೀರಿಗೆ ಹೋಗ್ತಾನೇ ಇಲ್ಲ. ಬಿಸಿಯಾಗಿ ಗಾಳಿಗೆ ಹೋಗ್ತಿದೆ."

ಮಧ್ಯಾಹ್ನ ಪಂಚಾಯಿತಿ ಹಾಲಿನಲ್ಲಿ ಸಭೆ ಸೇರಿತು. ಗಿರಿಜಾ ಭೂಮಿ ಕಾವೇರುತ್ತಿರುವುದು, ಇಂಗಾಲ, ಹೊಗೆ ಅಂತೆಲ್ಲ ಹೇಳುತ್ತಿದ್ದಾಗ ವಾರ್ಡ್ ಮೆಂಬರ್ ಈರಣ್ಣ ಎದ್ದು ನಿಂತ.

"ಅಲ್ಲವ್ವ ಗಿರಿಜಾ, ಹೊಗೆ ಹೊಗೆ ಅಂತೀಯ. ನಮ್ಮ ಮೋಟಾರು ಎಲ್ಲಿ ಹೊಗೆ ಬಿಡತೈತಿ? ಪಂಪ್‌ಹೌಸಿನಾಗ ನಿಮ್ಮಣ್ಣನ ಬೀಡಿ ಬಿಟ್ರೆ ಬ್ಯಾರೆ ಹೊಗಿ ನಾ ನೋಡಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಹೊಗೆ ಇಲ್ಲಿ ಬರಲ್ಲ ಈರಣ್ಣ, ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಊರಲ್ಲಿ ಬರುತ್ತೆ. ನಮ್ಮಣ್ಣ ಇಲ್ಲಿ ಸ್ವಿಚ್ ಹಾಕಿದ್ರೆ ಅಲ್ಲಿ ಒಂದು ಪುಟ್ಟಿ ಕಲ್ಲಿದ್ದಲು ಒಲೆಗೆ ಬೀಳುತ್ತೆ. ಆ ಊರಿನ ಮಕ್ಕಳು ಕೆಮ್ಮುತಾರೆ. ಇಲ್ಲಿ ಮಳೆ ಹಿಂದೆ ಮುಂದೆ ಆಗಿ ನಿಮ್ಮ ಜೋಳ ರಸ್ತೆ ಮೇಲೇ ಮೊಳಕೆ ಒಡೆಯುತ್ತೆ."

ಜೋಳದ ಮಾತು ಸರಿಯಾಗಿ ತಾಗಿತು. ಆ ವಾರವೇ ಹಲವರ ಜೋಳ ಮುಗ್ಗಿ ಹೋಗಿತ್ತು. ನನಗೆ ಹೆಮ್ಮೆಯಾಯಿತು. ಅದರ ಜೊತೆಗೇ ಇನ್ನೊಂದೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನಾನು ದಿನಾ ಒರೆಸಿ, ಎಣ್ಣೆ ಹಾಕಿ ನೋಡಿಕೊಂಡ ಮೋಟಾರಿಗೆ ಜ್ವರ ಇದೆ ಅಂತ ಬೇರೆಯವರು ಬಂದು ಹೇಳಬೇಕಾಯಿತಲ್ಲ ಅನ್ನುವ ಚುಚ್ಚು.

ಹೋಗುವಾಗ ಗಿರಿಜಾ ನನ್ನ ಕೈಗೆ ಒಂದು ನೀಲಿ ರಟ್ಟಿನ ಪುಸ್ತಕ ಕೊಟ್ಟಳು. ಗೆರೆ ಹೊಡೆದು ಮನೆ ಮಾಡಿದ್ದಳು. ಮೋಟಾರು ಹಾಕಿದ ಹೊತ್ತು, ಆರಿಸಿದ ಹೊತ್ತು, ಯಾವ ಓಣಿಗೆ ನೀರು.

"ಅಣ್ಣ, ಸಂಕ್ರಾಂತಿವರೆಗೆ ದಿನಾ ಬರಿ. ನಮ್ಮ ಯಂತ್ರ ಒಂದು ದಿನ ಮಾತ್ರ ಇಲ್ಲಿರುತ್ತೆ, ಉಳಿದ ದಿನಕ್ಕೆಲ್ಲ ನೀನೇ ಯಂತ್ರ. ಊರಿಗೆ ದಿನಕ್ಕೆ ಎಷ್ಟು ನೀರು ಬೇಕು ಅಂತ ಇದರಿಂದಲೇ ಗೊತ್ತಾಗಬೇಕು. ಅದರ ಮೇಲೇ ಹೊಸ ಮೋಟಾರು ಎಷ್ಟು ದೊಡ್ಡದಿರಬೇಕು ಅಂತ ಗೊತ್ತು ಮಾಡ್ತೀವಿ."

"ಅಷ್ಟೇ ತಾನೆ" ಅಂದೆ.

ಅಷ್ಟೇ ಆಗಿರಲಿಲ್ಲ. ನಮ್ಮ ಕಡೆ ಕೈನೀರು ಅಂತ ಒಂದು ಇದೆ. ಪಾಳಿಯ ಪ್ರಕಾರ ಒಂದೊಂದು ಓಣಿಗೆ ದಿನ ಬಿಟ್ಟು ದಿನ ಒಂದು ಗಂಟೆ ನೀರು. ಆದರೆ ಸಾವಾದ ಮನೆ, ಮದುವೆ ಮನೆ, ಬಾಣಂತಿ ಇರುವ ಮನೆ, ಕುರಿ ಉಣ್ಣೆ ಕತ್ತರಿಸುವ ದಿನ, ಇವಕ್ಕೆ ಪಾಳಿ ಇಲ್ಲ. ಅಂಥ ಮನೆಯವರು ಯಾರಾದರೂ ಪಂಪ್‌ಹೌಸ್ ಕಡೆ ಬಂದು ಸುಮ್ಮನೆ ಒಂದು ಗಳಿಗೆ ನಿಂತು ಹೋಗುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ನೀರಗಂಟಿ ಆ ಓಣಿಯ ವಾಲ್ವ್ ತಿರುಗಿಸುತ್ತಾನೆ, ಖಾಲಿಯಾದ ಟ್ಯಾಂಕಿಗೆ ಮತ್ತೆ ಮೋಟಾರು ಹಾಕುತ್ತಾನೆ. ಕೊಟ್ಟವನು ಕೊಟ್ಟೆ ಅನ್ನಬಾರದು, ತಗೊಂಡವರು ತಗೊಂಡೆವು ಅನ್ನಬಾರದು. ಹಾಗಾಗಿ ಓದಲು ಹಾಸ್ಟೆಲಿನಲ್ಲೇ ಇದ್ದ ಗಿರಿಜಾಳಿಗೂ ಇದು ಗೊತ್ತಿರಲಿಲ್ಲ. ನಮ್ಮ ತಾತ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ಕಾಲದಿಂದ ಹೀಗೇ. ಗಂಡ ಸತ್ತವಳ ಗದ್ದೆಗೆ ತಾತ ಒಂದು ಗೇಣು ತೂಬು ಹೆಚ್ಚು ಎತ್ತುತ್ತಿದ್ದನಂತೆ, ಸಾಯುವವರೆಗೂ ಅದನ್ನು ಯಾರಿಗೂ ಹೇಳಲಿಲ್ಲ. ಅವನು ಸತ್ತ ದಿನ ಆ ಹೆಂಗಸೇ ಅತ್ತು ಹೇಳಿದ್ದಕ್ಕೆ ನಮಗೆ ಗೊತ್ತಾದದ್ದು.

ಹಾಗಿರುವಾಗ ಕೈನೀರನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ? ಯಾವ ಮನೆ ಕೆಳಗೆ ಬರೆಯುವುದು? ನಾನು ಬರೆಯಲಿಲ್ಲ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು, ಪಾಳಿಯ ನೀರಷ್ಟೇ ಬರೆದೆ. ಅದನ್ನೂ ದಿನಾ ಬರೆಯಲಿಲ್ಲ. ಎಂಟು ದಿನಕ್ಕೊಮ್ಮೆ ಕೂತು, ಒಂದೇ ಪೆನ್ನಿನಲ್ಲಿ, ಒಂದೇ ಥರ ತುಂಬಿಸುತ್ತಿದ್ದೆ. ಹಾಕಿದ ಹೊತ್ತೂ ಆರಿಸಿದ ಹೊತ್ತೂ ಶಾಲೆ ಗಂಟೆಯ ಹಾಗೆ ತಪ್ಪುತ್ತಲೇ ಇರಲಿಲ್ಲ. ದಿನಕ್ಕೆ ಐದು ಗಂಟೆ. ಆ ಕಾರ್ತೀಕ ಮಾಗಿಯಲ್ಲಿ ನಾನು ನಿಜವಾಗಿ ಓಡಿಸಿದ್ದು ಆರು, ಏಳು, ಕೆಲವು ದಿನ ಎಂಟು.

ಪುಸ್ತಕ ಒಯ್ಯಲು ಅವಳು ಬಂದ ದಿನ ಚೆನ್ನಾಗಿ ನೆನಪಿದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಪಂಪ್‌ಹೌಸ್ ಕಟ್ಟೆಯ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದಳು. ಆಮೇಲೆ ಎದ್ದು ಹೋಗಿ ಕರೆಂಟ್ ಮೀಟರ್ ನೋಡಿದಳು. ಫೋನಿನಲ್ಲಿ ಏನೋ ಕೂಡಿಸಿ ಕಳೆದಳು. ಮತ್ತೆ ಹೋಗಿ ಮೀಟರ್ ನೋಡಿದಳು.

"ಅಣ್ಣ, ಇದು ತಾಳೆ ಬರ್ತಿಲ್ಲ. ನಿನ್ನ ಪುಸ್ತಕ ಐದು ಗಂಟೆ ಅನ್ನುತ್ತೆ. ಮೀಟರ್ ಏಳು ಗಂಟೆ ಹತ್ತಿರ ಓಡಿದ ಹಾಗೆ ತೋರಿಸ್ತಿದೆ. ಪಾಳಿ ಬಿಟ್ಟು ಬೇರೆ ಹೊತ್ತಲ್ಲಿ ಏನಾದ್ರೂ ಓಡಿಸಿದ್ಯಾ?"

ಅಷ್ಟು ನೇರವಾಗಿ ಕೇಳಿದಳು. ಹೌದು ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆಗ ನನ್ನ ತಲೆಯಲ್ಲಿ ಏನೇನು ಓಡಿತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಿದರೆ ಪಂಚಾಯಿತಿಯವರಿಗೆ ತಿಳಿಯುತ್ತದೆ, ಕೈನೀರು ನಿಲ್ಲಿಸಿ ಅನ್ನುತ್ತಾರೆ ಅಂತ ಒಂದು. ಬರೆಯಲಿಕ್ಕೆ ಸೋಮಾರಿತನ ಮಾಡಿದ್ದು ತಂಗಿ ಮುಂದೆ ಬಯಲಾಗುತ್ತದೆ ಅಂತ ಇನ್ನೊಂದು. ಎಲ್ಲದರ ಅಡಿಯಲ್ಲಿ ಇದ್ದದ್ದು ಬೇರೆ. ಮದುವೆ ಊಟಕ್ಕೆ ನಾನು ಹೋದರೆ ಮೊದಲ ಸಾಲಿನಲ್ಲಿ ಎಲೆ ಹಾಕುತ್ತಿದ್ದರು. ಸಾವಿನ ಮನೆ ಮುಂದೆ ಹೋದರೆ ನಾಲ್ಕು ಜನ ಎದ್ದು ಜಾಗ ಬಿಡುತ್ತಿದ್ದರು. ಏಳನೇ ಕ್ಲಾಸಿನವನಿಗೆ ಊರಲ್ಲಿ ಅದೊಂದೇ ದೊಡ್ಡಸ್ತಿಕೆ. ಅದು ಹೇಳದೆ ಇದ್ದುದರಿಂದಲೇ ನಿಂತಿತ್ತು.

"ಆ ಮೀಟರ್ ಮೊದಲಿಂದಲೂ ಹಾರತೈತಿ" ಅಂದೆ. "ಮಳೆಗಾಲದಾಗ ನೀರು ಹೊಕ್ಕಿತ್ತು. ಅದನ್ನ ನಂಬಬ್ಯಾಡ."

ಅವಳು ನನ್ನ ಮುಖ ನೋಡಿದಳು. ಅನುಮಾನದಿಂದಲ್ಲ. ಅಣ್ಣ ಹೇಳಿದನಲ್ಲ, ಮುಗಿಯಿತು ಅನ್ನುವ ಹಾಗೆ. ಪೆನ್ನು ತೆಗೆದು ತನ್ನ ಹಾಳೆಯಲ್ಲಿ ಮೀಟರ್ ಕೆಟ್ಟಿದೆ ಅಂತ ಬರೆದು ಕೆಳಗೆ ಸಹಿ ಹಾಕಿದಳು. ಆಯಸ್ಸೆಲ್ಲ ಯಂತ್ರವನ್ನು ನಂಬು, ಮನುಷ್ಯರ ಬಾಯಿಮಾತನ್ನು ನಂಬಬೇಡ ಅಂತ ಮೂರ್ತಿ ಸರ್ ಕಲಿಸಿದ್ದರಂತೆ. ಅವತ್ತೊಂದು ದಿನ ಅವಳು ಯಂತ್ರವನ್ನು ಬಿಟ್ಟು ನನ್ನನ್ನು ನಂಬಿದಳು.

ಸಂಕ್ರಾಂತಿ ಕಳೆದು ಹೊಸ ಮೋಟಾರು ಬಂತು. ಹಳೆಯದು ಹತ್ತು ಎಚ್‌ಪಿ, ಇದು ಐದು. ನೋಡಲಿಕ್ಕೆ ಕುರಿಮರಿಯಷ್ಟು. ಹಾಕಿದರೆ ಸದ್ದೇ ಇಲ್ಲ, ಕೈ ಇಟ್ಟರೆ ತಣ್ಣಗೆ. ಮೊದಲ ತಿಂಗಳ ಬಿಲ್ಲು ಅರ್ಧಕ್ಕೆ ಇಳಿಯಿತು. ಈರಣ್ಣನೇ ಆ ಬಿಲ್ಲು ಹಿಡಿದುಕೊಂಡು ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಿದ.

ಆ ಚಳಿಗಾಲದ ಕೊನೆಗೆ ಸೊರಬದಲ್ಲಿ ದೊಡ್ಡ ಸಭೆ ಮಾಡಿದರು. ಎರಡೂ ತಾಲ್ಲೂಕಿನ ಪಂಚಾಯಿತಿಯವರು, ದೊಡ್ಡ ದೊಡ್ಡ ತಜ್ಞರು, ಮುಂದಾಳುಗಳು, ಇಂಗಾಲ ಕಡಿಮೆ ಮಾಡಿಯೂ ಊರು ಹೇಗೆ ಉದ್ಧಾರ ಆಗಬಹುದು ಅಂತ ಪುಸ್ತಕ ಬರೆದವರು, ಎಲ್ಲರೂ ಬಂದಿದ್ದರು. ಒಳ್ಳೆಯ ಮಾತು ಆಡಿದರು, ಸುಳ್ಳು ಹೇಳಬಾರದು. ಅರ್ಥವಾದಷ್ಟು ನನಗೆ ಸರಿ ಅನಿಸಿತು. ಗಿರಿಜಾ ಮಾತಾಡಲು ನಿಂತಾಗ ಕೈಯಲ್ಲಿ ಚೀಟಿ ಕೂಡ ಇರಲಿಲ್ಲ. ಕೊನೆಗೆ ಹೇಳಿದಳು:

"ಈ ಕೆಲಸಕ್ಕೆ ಬೇಕಾದದ್ದು ದೊಡ್ಡ ಯಂತ್ರ ಅಲ್ಲ, ನಂಬಿಕೆಯ ಲೆಕ್ಕ. ಅದನ್ನು ಕೊಟ್ಟವರು ನಮ್ಮಣ್ಣ. ದಿನಾ ತಪ್ಪದೆ ಬರೆದಿಟ್ಟಿದ್ದಾರೆ."

ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಪಕ್ಕದ ಊರಿನ ನೀರಗಂಟಿಗಳು ಕೆಳಗೆ ಕೂತಿದ್ದರು. ಅವರು ಚಪ್ಪಾಳೆ ತಟ್ಟುತ್ತಾ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿತ್ತು. ಎಲ್ಲ ಊರಲ್ಲೂ ಕೈನೀರು ಇದೆ, ಯಾವ ಊರಿನ ಪುಸ್ತಕದಲ್ಲೂ ಇಲ್ಲ. ಆ ಶಾಲು ಒಂದು ಸಲವೂ ಹೊದೆಯಲಿಲ್ಲ.

ಯುಗಾದಿ ಕಳೆದ ಮೇಲೆ ಬಿಸಿಲು ಶುರುವಾಯಿತು. ಕೆರೆ ತಳ ಕಂಡಿತು, ಬಾವಿಯ ನೀರು ದಿನಾ ಒಂದಿಷ್ಟು ಕೆಳಗೆ ಹೋಯಿತು. ಅದರ ಮೇಲೆ ಮದುವೆ ಕಾಲ. ಪಾಳಿಯ ನೀರಿಗೆ ಆ ಸಣ್ಣ ಮೋಟಾರು ಸರಿಯಾಗಿತ್ತು, ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಪಂಪ್‌ಹೌಸ್ ಕಡೆ ಜನ ಬಂದು ನಿಂತು ಹೋಗುತ್ತಲೇ ಇದ್ದರು. ನಾನು ಇಲ್ಲ ಅನ್ನಲಿಲ್ಲ. ಹಳೆ ಮೋಟಾರು ಒಂದು ಗಂಟೆಯಲ್ಲಿ ಎತ್ತುತ್ತಿದ್ದ ನೀರಿಗೆ ಇದಕ್ಕೆ ಒಂದೂವರೆ ಗಂಟೆ ಬೇಕು. ಕರೆಂಟ್ ಇದ್ದಷ್ಟು ಹೊತ್ತೂ ಓಡಿಸಿದೆ. ತಣ್ಣಗಿದ್ದ ಮೋಟಾರು ಮುಟ್ಟಲಾಗದ ಹಾಗೆ ಕಾಯಿತು.

ಮೇಲಿನ ಓಣಿಯ ಸಾವಂತ್ರವ್ವನ ಮಗಳ ಮದುವೆಗೆ ಮೂರು ದಿನ ಕೈನೀರು ಬಿಟ್ಟೆ. ಮೂರನೇ ದಿನ ಮಧ್ಯಾಹ್ನ ಬಾವಿಯ ನೀರು ಪೈಪಿನ ತುದಿಯ ಫುಟ್‌ವಾಲ್ವ್‌ಗಿಂತ ಕೆಳಗಿಳಿದು, ನೀರೆಳೆಯದೆ ಮೋಟಾರು ಖಾಲಿ ತಿರುಗಿತು. ನಾನು ಮದುವೆ ಮನೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆ. ವಾಪಸ್ಸು ಬಂದಾಗ ಪಂಪ್‌ಹೌಸ್ ತುಂಬ ಆ ವಾಸನೆ.

ಹನ್ನೆರಡು ದಿನ ಊರಿಗೆ ನೀರಿಲ್ಲ. ಟ್ಯಾಂಕರ್ ಬಂದರೆ ಕೊಡಗಳ ಹೊಡೆದಾಟ. ವಯಸ್ಸಾದವರು ಕೆರೆಯ ಕೆಸರಲ್ಲಿ ಒರತೆ ತೋಡಿ ತಂಬಿಗೆಯಲ್ಲಿ ಮೊಗೆದರು. ಹದಿಮೂರನೇ ದಿನ ಗ್ರಾಮಸಭೆ ಕರೆದರು. ಗಿರಿಜಾ ಬಂದಳು. ಜೀಪು ಇರಲಿಲ್ಲ, ಬಸ್ಸಿನಲ್ಲಿ ಬಂದಳು.

ಈರಣ್ಣ ಶುರು ಮಾಡಿದ. "ಕರೆಂಟ್ ಉಳಿಸ್ತೀನಿ ಅಂತ ನಮ್ಮ ಗಂಟಲು ಒಣಗಿಸಿದ್ಯಲ್ಲವ್ವ. ಹತ್ತು ಎಚ್‌ಪಿ ಎಳೆಯೋ ನೀರನ್ನ ಐದು ಎಚ್‌ಪಿ ಎಳಿತೈತಿ ಅಂತ ಯಾವ ಕಾಲೇಜಿನಾಗ ಹೇಳಿಕೊಟ್ಟರು? ಎತ್ತಿನ ಗಾಡಿಗೆ ಮೇಕೆ ಕಟ್ಟಿದಂಗಾತು."

"ಊರವಳೇ ಊರಿಗೆ ಹಿಂಗ ಮಾಡಿದ್ರೆ ಹೊರಗಿನವರು ಇನ್ನೇನು ಮಾಡ್ಯಾರು" ಅಂತ ಹಿಂದಿನಿಂದ ಯಾರೋ ಅಂದರು.

ಗಿರಿಜಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ತಿರುಗಿದಳು. ಕೈಯಲ್ಲಿ ನೀಲಿ ಪುಸ್ತಕ ಇತ್ತು.

"ಅಣ್ಣ, ಒಂದೇ ಮಾತು. ಇದರಲ್ಲಿ ಬರೆದಿರೋದು ಸರಿ ಇದೆಯಾ? ದಿನಕ್ಕೆ ಐದು ಗಂಟೆ?"

ಹಾಲಿನಲ್ಲಿ ಕೂತವರಲ್ಲಿ ಕೈನೀರು ತಗೊಳ್ಳದ ಮನೆಯವರು ಒಬ್ಬರೂ ಇರಲಿಲ್ಲ. ನಾನು ಒಬ್ಬೊಬ್ಬರ ಮುಖ ನೋಡಿದೆ. ಯಾರಾದರೂ ಒಬ್ಬರು ಬಾಯಿ ಬಿಟ್ಟರೆ ನಾನೂ ಬಿಡುತ್ತಿದ್ದೆನೇನೋ. ಸಾವಂತ್ರವ್ವ ಸೆರಗಿನ ಅಂಚು ನೋಡಿಕೊಂಡಳು. ಈರಣ್ಣ ಫ್ಯಾನ್ ನೋಡಿದ. ಅವನ ತಮ್ಮನ ಮದುವೆಗೆ ಎರಡು ದಿನ ಬಿಟ್ಟಿದ್ದೆ. ಹೇಳಬಾರದು ಅನ್ನುವ ನೇಮ ಅಷ್ಟು ಗಟ್ಟಿ. ನನಗೆ ಆ ನೇಮ ಒಳ್ಳೆಯ ಮರೆಯಾಯಿತು.

"ಸರಿ ಐತಿ" ಅಂದೆ.

"ಹಾಗಾದ್ರೆ ಲೆಕ್ಕ ಹಾಕಿದ ನಾನೇ ತಪ್ಪಿದೀನಿ" ಅಂದಳು ಗಿರಿಜಾ. ಕಾರ್ಯದರ್ಶಿ ನಿರ್ಣಯ ಬರೆದರು, ಲೆಕ್ಕದ ತಪ್ಪಿನಿಂದ ಸಣ್ಣ ಮೋಟಾರು ಹಾಕಿ ಊರಿಗೆ ತೊಂದರೆಯಾಯಿತು, ಹಳೆಯದನ್ನೇ ಮತ್ತೆ ಹಾಕುವುದು ಅಂತ. ಅವಳು ಕೆಳಗೆ ಸಹಿ ಹಾಕಿದಳು. ಹೊರಗೆ ಬಂದಾಗ ನಾನು, "ಊಟ ಮಾಡಿಕೊಂಡು ಹೋಗು" ಅಂದೆ. "ಮನೇಲಿ ನೀರಿದೆಯಾ?" ಅಂತ ಕೇಳಿದಳು. ವ್ಯಂಗ್ಯಕ್ಕಲ್ಲ, ನಿಜವಾಗಿಯೇ ಕೇಳಿದ್ದು. ಅಷ್ಟರಲ್ಲಿ ಬಸ್ಸು ಬಂತು.

ಆ ನಿರ್ಣಯದ ನಕಲು ಊರಿಂದ ಊರಿಗೆ ಹೋಯಿತು. ಸೊರಬ ತಾಲ್ಲೂಕಿನ ಊರುಗಳವರು ನಮಗೆ ಬೇಡ ಅಂದರು. ಶಿಕಾರಿಪುರದ ಕಡೆಯವರೂ ಅಂದರು. ಮೂರ್ತಿ ಸರ್ ಅದೇ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಗಿರಿಜಾಳನ್ನು ಪಂಪಿನ ಕೆಲಸದಿಂದ ತೆಗೆದು ಸೊರಬದಲ್ಲಿ ಬೀದಿದೀಪ ಎಣಿಸುವ ಕೆಲಸಕ್ಕೆ ಹಾಕಿದರು. ಯಾವ ಕಂಬದ ದೀಪ ಹಗಲೂ ಉರಿಯುತ್ತದೆ ಅಂತ ಬರೆದುಕೊಳ್ಳುವುದು. ನಾಲ್ಕು ವರ್ಷದಿಂದ ಅದೇ. ನಾನು ಅದೇ ಹಳೆ ಹತ್ತು ಎಚ್‌ಪಿ ಹಾಕುತ್ತೇನೆ, ಆರಿಸುತ್ತೇನೆ, ಸುಟ್ಟರೆ ಹೊರುತ್ತೇನೆ.

ಬಸ್ಸು ಸೊರಬ ಮುಟ್ಟಿದಾಗ ಊಟದ ಹೊತ್ತು. ಗಿರಿಜಾ ಒಂದು ಸಣ್ಣ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು. "ಯಾರಿಗೆ ಏನಾಯ್ತು?" ಅಂದಳು. ಯಾರಿಗೂ ಏನೂ ಆಗಿಲ್ಲ ಅಂದು, ನಿಂತುಕೊಂಡೇ ಹೇಳಿದೆ. ಮೀಟರ್ ಹಾರುತ್ತಿರಲಿಲ್ಲ, ಕೈನೀರಿಗೆ ಓಡಿಸಿದ್ದನ್ನು ಬರೆದಿರಲಿಲ್ಲ, ನಾನು ಸುಳ್ಳು ಹೇಳಿದೆ, ಎರಡು ಸಲ ಹೇಳಿದೆ. ಶಾಲೆಯನ್ನೂ ನಿನಗಾಗಿ ಬಿಟ್ಟದ್ದಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡಳು.

"ಯಾವ್ಯಾವ ದಿನ? ನೆನಪಿದ್ದಷ್ಟು ಹೇಳು."

"ಈಗ ಯಾಕ ಅದು?"

"ನಿನ್ನ ಕ್ಷಮಾಪಣೆ ಇಟ್ಕೊಂಡು ನಾನೇನು ಮಾಡ್ಲಿ ಅಣ್ಣ? ನನಗೆ ಗಂಟೆ ಬೇಕು. ಹೇಳು."

ಹೇಳಿದೆ. ಪುಸ್ತಕದಲ್ಲಿ ಇರದಿದ್ದದ್ದೆಲ್ಲ ತಲೆಯಲ್ಲಿ ಇತ್ತು, ಒಂದೂ ಮರೆತಿರಲಿಲ್ಲ. ಯಾರ ಮನೆ ಮದುವೆ, ಯಾರ ಮನೆ ತೊಟ್ಟಿಲು, ಯಾರ ಕುರಿ. ನಮ್ಮ ದೊಡ್ಡವ್ವ ಸತ್ತ ದಿನವನ್ನೂ ಹೇಳಿದೆ. ಆ ಕಾರ್ತೀಕದಲ್ಲಿ ಅವಳು ತೀರಿಕೊಂಡಾಗ ಗಿರಿಜಾ ಬಂದಿದ್ದಳು, ಮಣ್ಣು ಮಾಡಿ ಬಂದು ಎಲ್ಲರ ಜೊತೆ ಅಂಗಳದಲ್ಲಿ ತಲೆ ಮೇಲೆ ನೀರು ಸುರಿದುಕೊಂಡಿದ್ದಳು. ಅವತ್ತು ನಮ್ಮ ಓಣಿಯ ಪಾಳಿ ಇರಲಿಲ್ಲ.

ಪೆನ್ನು ನಿಂತಿತು. "ಅದೂ?" ಅಂದಳು.

"ಅದೂ. ಎರಡು ತಾಸು."

ಅದನ್ನೂ ಬರೆದಳು. ಹಾಳೆ ತುಂಬಿದ ಮೇಲೆ ನನ್ನ ಮುಂದೆ ತಳ್ಳಿದಳು. "ನನಗೆ ಹೇಳಿದ್ದು ಸಾಕಾಗಲ್ಲ. ಅಲ್ಲಿ ನಾನು ಸಹಿ ಹಾಕಿದೀನಿ. ಅಲ್ಲೇ ಹೋಗಿ ಹೇಳು."

ಮುಂದಿನ ಗ್ರಾಮಸಭೆಯಲ್ಲಿ ಹೇಳಿದೆ. ಯಾರ ಮನೆ ಹೆಸರೂ ಎತ್ತಲಿಲ್ಲ, ಗಂಟೆ ಮಾತ್ರ ಓದಿದೆ. ಲೆಕ್ಕದ ತಪ್ಪು ತಂಗಿಯದಲ್ಲ, ಪುಸ್ತಕ ಬರೆದ ನನ್ನದು ಅಂದೆ. ನನ್ನ ಸುಳ್ಳಿಗೆ ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾದದ್ದು ಹೇಳಿದ್ದಕ್ಕೆ.

"ನಮ್ಮ ತಮ್ಮನ ಮದುವಿ ನೀರೂ ಆ ಹಾಳಿಯಾಗ ಐತೇನಲೇ?" ಅಂದ ಈರಣ್ಣ.

ಸಾವಂತ್ರವ್ವ ಎದ್ದು ಹೊರಡುತ್ತಾ ಅಂದಳು: "ಕೊಟ್ಟದ್ದನ್ನ ಎತ್ತಿ ಆಡಿಬಿಟ್ಟೆ. ನಿಮ್ಮ ತಾತ ಇದ್ದಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ."

ಕಾರ್ಯದರ್ಶಿ ಹಳೆ ನಿರ್ಣಯದ ಕೆಳಗೆ ಎರಡು ಸಾಲು ಸೇರಿಸಿದರು. ಆ ಎರಡು ಸಾಲಿನಿಂದ ಗಿರಿಜಾಳ ಹಳೆ ಕೆಲಸ ತಿರುಗಿ ಬರಲಿಲ್ಲ. ನಾನು ಹೊಸ ಪುಸ್ತಕ ತಂದು ಪಾಳಿಯ ಜೊತೆಗೆ ಪಾಳಿಯಲ್ಲದ್ದಕ್ಕೂ ಒಂದು ಮನೆ ಹಾಕಿದೆ. ಎರಡು ತಿಂಗಳು ಅದು ಖಾಲಿಯಾಗಿಯೇ ಇತ್ತು. ಪಂಪ್‌ಹೌಸ್ ಕಡೆ ಯಾರೂ ಬಂದು ನಿಲ್ಲಲಿಲ್ಲ. ಒಂದು ಮದುವೆ ಟ್ಯಾಂಕರ್ ತರಿಸಿಕೊಂಡು ಆಯಿತು. ನನಗೆ ಕರೆಯೋಲೆ ಬರಲಿಲ್ಲ.

ಹೋದ ವಾರ ಈರಣ್ಣನ ಅಪ್ಪ ತೀರಿಕೊಂಡರು. ಬೆಳಿಗ್ಗೆ ಡೊಳ್ಳಿನ ಸದ್ದು ಕೇಳಿತು. ಕಾದೆ. ಯಾರೂ ಬರಲಿಲ್ಲ. ಆ ಮನೆಯ ಹೆಂಗಸರು ಕೊಡ ಹಿಡಿದು ಕೆರೆ ಕಡೆ ಇಳಿಯುವುದು ಪಂಪ್‌ಹೌಸ್ ಬಾಗಿಲಿಂದ ಕಾಣುತ್ತಿತ್ತು. ಗಿರಿಜಾ ಯಾವುದೋ ಮಾತಿಗೆ ಫೋನ್ ಮಾಡಿದಳು. ವಿಷಯ ಹೇಳಿದೆ.

"ಕೇಳೋಕೆ ಬಂದಿಲ್ಲ" ಅಂದೆ.

"ಅವರು ಯಾವತ್ತು ಕೇಳಿದ್ರು ಅಣ್ಣ? ಸುಮ್ಮನೆ ನಿಂತು ಹೋಗ್ತಿದ್ರು ಅಂದ್ಯಲ್ಲ. ಈ ಸಲ ನೀನು ಹೋಗಿ ನಿಲ್ಲು."

ಮೋಟಾರು ಹಾಕಿದೆ. ಅವರ ಓಣಿಯ ವಾಲ್ವ್ ತಿರುಗಿಸಿದೆ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಅವರ ಮನೆಯ ನಲ್ಲಿ ಹತ್ತಿರ ನಿಂತೆ. ನೀರು ಮೊದಲು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ಹೆಂಗಸರು ಒಂದು ಗಳಿಗೆ ಹಿಂದೆ ಮುಂದೆ ನೋಡಿ ಕೊಡ ಇಟ್ಟರು. ಕಟ್ಟೆಯ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ಈರಣ್ಣ ಎದ್ದು ಬಂದ. ಕಣ್ಣು ಕೆಂಪಾಗಿದ್ದವು.

"ಇದನ್ನೂ ಬರ್ಕೊಂತೀಯೇನು?"

"ಬರ್ಕೋಬೇಕು" ಅಂದೆ.

ನಾನು ಪುಸ್ತಕ ತೆಗೆದು, ಅವರ ಕಟ್ಟೆಯ ಮೇಲೆಯೇ ಇಟ್ಟು, ಹೊತ್ತು ಬರೆದೆ. ಅವನು ಹೋಗಲಿಲ್ಲ. ನನ್ನ ಭುಜದ ಮೇಲಿಂದ ಬಾಗಿ ನೋಡುತ್ತಾ ನಿಂತಿದ್ದ.

"ನಮ್ಮಪ್ಪನ ಹೆಸರು ಹಾಕು" ಅಂದ. "ತಪ್ಪಿಲ್ದಂಗ ಬರಿ."